ಹಣ್ಣು ಹೊತ್ತ ದಾಳಿಂಬೆ, ಉಣ್ಣುತ್ತಿದ್ದ ಪ್ರಧಾನಿ

ಕರಡಿಗುಡ್ಡದ ಪಾಳೆಗಾರ ಬೊಮ್ಮನಾಯಕನಿಗೆ ಒಂದು ಹುಚ್ಚು ಹಿಡಿಯಿತು, ಅದೂ ರಣಬಿಸಿಲಿನಲ್ಲಿ. ಹಣ್ಣು ಮಾರುವ ಸೂರವ್ವನ ಹಿತ್ತಲಿನ ದಾಳಿಂಬೆ ಗಿಡ ಹಣ್ಣುಗಳ ಸಮೇತ ಅರಮನೆಯ ಅಂಗಳಕ್ಕೆ ಬರಬೇಕು!

"ಬೀಗರು ಬರುವಷ್ಟರಲ್ಲಿ ಗಿಡ ಇಲ್ಲಿ ನಿಂತಿರಬೇಕು. ಒಂದೆಲೆ ಬಾಡಿದರೂ ಸೂರವ್ವನನ್ನು ಊರಿಂದ ಅಟ್ಟಿಬಿಡುತ್ತೇನೆ," ಎಂದ.

ಕೀಳುವವರು ಅರಮನೆಯವರು, ಒಣಗಿದರೆ ಶಿಕ್ಷೆ ಸೂರವ್ವನಿಗೆ. ದೊಡ್ಡವರ ನ್ಯಾಯವೇ ಹಾಗೆ.

ಪ್ರಧಾನಿ ಸಂಪಣ್ಣ ಹಲ್ಲುಕಿರಿದ. "ತಮ್ಮ ಅಪ್ಪಣೆಯಾದರೆ ಬಂಡೆಯ ಮೇಲೂ ಬೇರು ಬಿಡುತ್ತದೆ, ಪ್ರಭು!"

ಸೂರವ್ವ ಅಳುತ್ತಾ ಆಸ್ಥಾನದ ಜಾಣ ತಿಪ್ಪಯ್ಯನ ಮನೆಗೆ ಬಂದಳು. "ಆ ಹಣ್ಣು ಮಾರ್ಕೊಂಡೇ ಬದುಕ್ತಿದೀನಪ್ಪ. ಗಿಡಾನೂ ಹೋಯ್ತು, ಊರೂ ಹೋಯ್ತು."

"ಅಳಬೇಡ ಕಣವ್ವ, ಎರಡೂ ಉಳೀತವೆ. ನಿನ್ನ ಹಾರೆ, ಗರಗಸ, ಗೋಣಿತಾಟು ಕೊಟ್ಟಿರು," ಎಂದ ತಿಪ್ಪಯ್ಯ.

ಮರುದಿನ ಮಧ್ಯಾಹ್ನ ನಾಯಕನೂ ಪ್ರಧಾನಿಯೂ ಊಟಕ್ಕೆ ಕೂತಿದ್ದರು. ಸಂಪಣ್ಣ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ತಿಪ್ಪಯ್ಯ ಆಳುಗಳೊಂದಿಗೆ ನುಗ್ಗಿ, ಅವನನ್ನು ಕೂತ ಮಣೆಯ ಸಮೇತ ಎತ್ತಿಸಿದ.

"ಏನೋ ಇದು?" ನಾಯಕ ಗುಡುಗಿದ.

"ಗಡಿಯ ಕೋಟೆಗೊಬ್ಬ ಪ್ರಧಾನಿ ಬೇಕಲ್ಲ, ಪ್ರಭು. ಇವರನ್ನು ಕಿತ್ತು ಅಲ್ಲಿ ನೆಡುತ್ತಿದ್ದೇನೆ. ಗಿಡಕ್ಕೆ ಬುಡದ ಮಣ್ಣು ಹೇಗೋ ಇವರಿಗೆ ಮಣೆ ಹಾಗೆ, ಅದಕ್ಕೇ ಬಿಡಿಸಿಲ್ಲ. ಬೇರು ಒಣಗದಂತೆ ಸುತ್ತೋದಕ್ಕೆ ಗೋಣಿತಾಟೂ ಇದೆ. ಮೊದಲು ಕೊಂಬೆ ಸವರಬೇಕು, ಇಲ್ಲದಿದ್ದರೆ ಬೇರಿಗೆ ಸಾಕೋದು ಕಷ್ಟ. ಇವರ ಕೊಂಬೆಗಳೇನು ಕಡಿಮೆಯೇ? ಉಗ್ರಾಣದಲ್ಲಿ ಅಳಿಯ, ಸುಂಕದ ಕಟ್ಟೆಯಲ್ಲಿ ಭಾವಮೈದ, ಕುದುರೆ ಲಾಯದಲ್ಲಿ ಷಡ್ಡಕ..."

ಸಂಪಣ್ಣ ಮಣೆಯ ಮೇಲಿಂದಲೇ ಕೂಗಿದ. "ಇಳಿಸ್ರೋ! ಪ್ರಭು, ಎಲೆಯಲ್ಲಿನ್ನೂ ಹೋಳಿಗೆ ಇದೆ! ಈ ಬಿಸಿಲಲ್ಲಿ ಹೊರಟರೆ ದಾರಿಯಲ್ಲೇ ಒಣಗಿ ಸಾಯ್ತೀನಿ. ಊಟ ಮುಗೀಲಿ, ನಾಲ್ಕು ಹನಿ ಮಳೆ ಬೀಳ್ಲಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗ್ತೀನಿ!"

ತಿಪ್ಪಯ್ಯ ಕೈಮುಗಿದ. "ಕೇಳಿದಿರಾ ಪ್ರಭು? ಸೂರವ್ವನ ಗಿಡಕ್ಕೆ ಬಾಯಿಲ್ಲ. ಹಣ್ಣು ಕೊಯ್ದಾಗಲಿ, ಮಳೆ ಬೀಳಲಿ ಅಂತ ಅದು ಬೇಡೋದನ್ನೆಲ್ಲ ಪ್ರಧಾನಿಗಳೇ ಬೇಡಿಕೊಂಡರು."

ನಾಯಕ ಅನ್ನ ನೆತ್ತಿಗೇರುವಷ್ಟು ನಕ್ಕ. "ಗಿಡ ಅಲ್ಲೇ ಇರಲಿ, ಸೂರವ್ವನೂ ಇರಲಿ. ಬೀಗರನ್ನೇ ಅವಳ ಹಿತ್ತಲಿಗೆ ಕರೆದೊಯ್ಯುತ್ತೇನೆ. ಪ್ರಧಾನಿಯೂ ಮಳೆಗಾಲದ ತನಕ ಇಲ್ಲೇ ಇರಲಿ."

ಸಂಪಣ್ಣ ನಿಟ್ಟುಸಿರು ಬಿಟ್ಟು ಹೋಳಿಗೆಗೆ ಕೈ ಹಾಕಿದ.

ನಾಯಕ ತಿಪ್ಪಯ್ಯನತ್ತ ತಿರುಗಿದ. "ಅಂದಹಾಗೆ ತಿಪ್ಪಯ್ಯ, ಕೊಂಬೆ ಸವರೋದಕ್ಕೂ ಮಳೆಗಾಲಕ್ಕೆ ಕಾಯಬೇಕೇನು?"

"ಇಲ್ಲ ಪ್ರಭು. ಕೀಳೋದಕ್ಕೆ ಮಳೆ ಬರಬೇಕು, ಸವರೋದಕ್ಕೆ ಗರಗಸ ಇದ್ದರೆ ಸಾಕು. ತಂದಿದ್ದೇನೆ."