ಹಾಳೂರಿನ ಕೊಟ್ರನೂ ಗೋಪುರದ ಗಂಟೆಯೂ

ಕಾಡಿನಲ್ಲೂ ಅಲ್ಲ, ನಾಡಿನಲ್ಲೂ ಅಲ್ಲ, ಒಂದು ಮೊಬೈಲಿನೊಳಗೆ ಒಂದು ಹಾಳೂರಿತ್ತು. ನಗಬೇಡಿ, ಇತ್ತು. ಮಕ್ಕಳು ಜಿಗಿಯುವ ಆಟ ಆಡುತ್ತಾರಲ್ಲ, ಬೆರಳಲ್ಲಿ ಒತ್ತಿದರೆ ಒಬ್ಬ ಪುಟ್ಟ ಮನುಷ್ಯ ಟಣ್ ಅಂತ ಹಾರಿ ಹೊಂಡ ದಾಟುತ್ತಾನಲ್ಲ, ಅಂಥ ಆಟ. ಅದರೊಳಗೆ ಮೊದಲು ಕಾಡು, ಆಮೇಲೆ ನೀರು, ಆಮೇಲೆ ಈ ಹಾಳೂರು. ಬಿದ್ದ ಕಂಬ, ಒಡೆದ ಮಂಟಪ, ಸೊಂಡಿಲು ಮುರಿದ ಕಲ್ಲಾನೆ. ಎಲ್ಲಕ್ಕೂ ಕೊನೆಗೆ ಒಂದು ಗೋಪುರ, ಗೋಪುರದ ತುದಿಯಲ್ಲಿ ಒಂದು ಗಂಟೆ. ಆ ಪುಟ್ಟ ಮನುಷ್ಯ ಹೋಗಿ ಗಂಟೆ ಬಾರಿಸಿದರೆ ಊರಿಗೆ ದೀಪ ಬರುತ್ತಿತ್ತು, ಬಂದ ದೀಪ ಆರುತ್ತಿರಲಿಲ್ಲ. ಅಲ್ಲಲ್ಲಿಯ ಗಂಟೆ ಬಾರಿಸಿ ಕಾಡಿಗೆ ಬಂದಿತ್ತು, ನೀರಿಗೆ ಬಂದಿತ್ತು. ಹಾಳೂರಿಗೆ ಮಾತ್ರ ಯಾರಾದರೂ ಆಡುವಾಗಷ್ಟೇ ಬೆಳಕು, ಆಟ ಮುಚ್ಚಿದರೆ ಕತ್ತಲು.

ಆ ಊರಲ್ಲಿ ನಿಂಬೆವ್ವ ಅಂತ ಒಬ್ಬ ಮುದುಕಿ. ಅವಳಿಗೆ ಒಬ್ಬನೇ ಮಗ, ಕೊಟ್ರ. ಆಳು ಕಂಬದಷ್ಟು ಉದ್ದ, ಬುದ್ಧಿ ಮಾತ್ರ ಎಲ್ಲೋ ದಾರಿಯಲ್ಲಿ ತಪ್ಪಿಸಿಕೊಂಡಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಒಂದು ಕೂದಲಷ್ಟೂ ಆಚೀಚೆ ಇಲ್ಲ. "ಇಂಥಾ ಮಗನ್ನ ಕಟ್ಕೊಂಡು ನಾ ಹೆಂಗ ಬಾಳ್ವೆ ಮಾಡ್ಲಿ!" ಅಂತ ನಿಂಬೆವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಕಲ್ಲು ಉರುಳಿಸುವುದು, ಬಾಗಿಲು ಎತ್ತುವುದು, ಬಿದ್ದದ್ದನ್ನು ಮತ್ತೆ ಜೋಡಿಸುವುದು, ಹಾಳೂರಿನ ಕೆಲಸಕ್ಕೆಲ್ಲ ಇವರಿಬ್ಬರೇ. ಅದೆಲ್ಲ ತಾನಾಗಿಯೇ ಆಗುತ್ತದೆ ಅಂತ ಆಡುವ ಮಕ್ಕಳು ತಿಳಿದಿದ್ದಾರೆ. ತಾನಾಗಿ ಏನಾಗುತ್ತದೆ, ನೀವೇ ಹೇಳಿ!

ಒಂದು ದಿನ ಆಕಾಶದಿಂದ ಒಂದು ಹುಡುಗಿಯ ದನಿ ಬಂತು. ಇಂಚರ ಅಂತ ಅವಳ ಹೆಸರು. ಬಹಳ ದಿನದಿಂದ ಈ ಊರು ದಾಟಲು ಒದ್ದಾಡುತ್ತಿದ್ದಳು.

"ಇವತ್ತು ಗಂಟೆ ಬಾರಿಸ್ಲಿಲ್ಲ ಅಂದ್ರೆ ಈ ಆಟನೇ ಅಳಿಸಿಹಾಕ್ತೀನಿ!"

ನಿಂಬೆವ್ವ ಕೇಳಿಸಿಕೊಂಡಳು. ಆಟ ಅಳಿಸಿದರೆ ಊರಿಲ್ಲ, ಕಂಬವಿಲ್ಲ, ತಾನಿಲ್ಲ, ಮಗನಿಲ್ಲ. ಎದ್ದು ಸೆರಗು ಸಿಕ್ಕಿಸಿದಳು.

"ಕೊಟ್ರಾ! ಹೊಂಡದ ಮ್ಯಾಲಿನ ಚಪ್ಪಡಿ ಹಿಡ್ಕೊಂಡು ಕೂಡು. ಜಿಗಿಯಪ್ಪ ಬಂದು ಕಾಲಿಟ್ಟ ಮ್ಯಾಲೆ ಬಿಡು."

ಜಿಗಿಯಪ್ಪ ಅಂದರೆ ಆ ಪುಟ್ಟ ಮನುಷ್ಯ. ನಿಂಬೆವ್ವ ಅವನಿಗೆ ಇಟ್ಟ ಹೆಸರು.

"ಹೂಂ ಯವ್ವಾ, ಹಂಗೇ ಮಾಡ್ತೀನಿ."

ಜಿಗಿಯಪ್ಪ ಬಂದ. ಕಾಲಿಟ್ಟ. ಒಂದೇ ಕಾಲು! ಇನ್ನೊಂದು ಇನ್ನೂ ಗಾಳಿಯಲ್ಲೇ ಇತ್ತು. ಕೊಟ್ರ ಬಿಟ್ಟೇಬಿಟ್ಟ. ಧಡಾರ್! ಜಿಗಿಯಪ್ಪ ಹೊಂಡದೊಳಗೆ ಅಂಗಾತ. ಆಕಾಶದಲ್ಲಿ "ಛೇ!" ಅನ್ನುವ ಸದ್ದು.

ಬಿದ್ದವನನ್ನು ಹೊತ್ತು ಊರಬಾಗಿಲಿಗೆ ಬಿಟ್ಟು ಬರುವುದು ಅಲ್ಲಿಯ ಪದ್ಧತಿ. ಅಲ್ಲಿಂದ ಅವನು ಮತ್ತೆ ಶುರು ಮಾಡಬೇಕು. ನಿಂಬೆವ್ವ ಹೊತ್ತಳು, ಬಿಟ್ಟಳು, ಏದುಸಿರು ಬಿಡುತ್ತ ಬಂದಳು.

"ಅಯ್ಯೋ ನನ್ನ ಹಣೆಬರಾ! ಕಾಲಿಟ್ಟ ಕೂಡ್ಲೆ ಬಿಡ್ತಾರೇನೋ? ಬಿಗಿಯಾಗಿ ಹಿಡ್ಕೋಬೇಕು! ಅಂವ ಆ ಕಡೆ ದಾಟೋ ತನಕ ಜಪ್ಪಯ್ಯ ಅಂದ್ರೂ ಬಿಡಬಾರದು!"

"ಹೂಂ ಯವ್ವಾ, ಹಂಗೇ ಮಾಡ್ತೀನಿ."

ಈ ಸಲ ಚಪ್ಪಡಿ ಅವಳೇ ಹಿಡಿದಳು, ಮಗನನ್ನು ಕಲ್ಲುಬಾಗಿಲಿಗೆ ಕಳಿಸಿದಳು. ಜಿಗಿಯಪ್ಪ ಚಪ್ಪಡಿ ದಾಟಿದ, ಬಾಗಿಲಿಗೆ ಬಂದ. ಕೊಟ್ರ ಆಚೆಯಿಂದ ಎರಡೂ ಕೈಯಲ್ಲಿ ಬಾಗಿಲು ಹಿಡಿದು ನಿಂತಿದ್ದ. ಜಿಗಿಯಪ್ಪ ಟಕ್ ಟಕ್ ಅಂತ ತಲೆಯಲ್ಲಿ ಗುದ್ದಿದ. ಬಾಗಿಲು ಅಲುಗಲಿಲ್ಲ.

"ನೀ ದಾಟೋ ತನಕ ಬಿಡಂಗಿಲ್ಲಪ್ಪಾ! ನಮ್ಮವ್ವ ಹೇಳ್ಯಾಳ!"

ಹಿಂದಿನಿಂದ ಮುಳ್ಳಿನ ಗುಂಡು ಉರುಳುತ್ತ ಬಂತು, ಜಿಗಿಯಪ್ಪನನ್ನು ಚಪಾತಿ ಮಾಡಿಬಿಟ್ಟಿತು. ನಿಂಬೆವ್ವ ಮತ್ತೆ ಹೊತ್ತಳು, ಮತ್ತೆ ಬಿಟ್ಟು ಬಂದಳು.

"ಅಯ್ಯೋ ಪೆದ್ದ ಮುಂಡೇದೇ! ಬಾಗಿಲಿರೋದು ತೆಗಿಯಾಕ! ಯಾರರ ಬಂದು ಬಾಗಿಲಿಗೆ ನಿಂತ್ರ ತೆಗಿಬೇಕು, ನಗನಗತಾ ತೆಗಿಬೇಕು, ಬರ್ರಿ ಅನಬೇಕು!"

"ಹೂಂ ಯವ್ವಾ, ಹಂಗೇ ಮಾಡ್ತೀನಿ."

ಚಪ್ಪಡಿಯೂ ತನಗೇ ಇರಲಿ, ಬಾಗಿಲೂ ತನಗೇ ಇರಲಿ ಅಂತ ಅವಳು ಮಗನನ್ನು ಕಲ್ಲುಸಿಂಹದ ಬೋನಿನ ಕಾವಲಿಗೆ ಕೂರಿಸಿದಳು. ಅಲ್ಲಿ ಮಾಡಲು ಏನು ಕೆಲಸ? ಸುಮ್ಮನೆ ಕೂತರಾಯಿತು. ಆದರೆ ಸಿಂಹ ಬೋನಿನ ಬಾಗಿಲಿಗೇ ಬಂದು ನಿಂತು ಗುರ್ ಅಂದಿತು. ಕೊಟ್ರ ನೋಡಿದ. ಯಾರೋ ಬಂದಿದ್ದಾರೆ. ಬಾಗಿಲಿಗೆ ನಿಂತಿದ್ದಾರೆ. ಹಲ್ಲೆಲ್ಲ ಕಾಣುವಂತೆ ನಕ್ಕು ಅಗುಳಿ ತೆಗೆದ.

"ಬರ್ರಿ, ಬರ್ರಿ!"

ಸಿಂಹ ಬಂತು. ಗೋಪುರದ ಬುಡಕ್ಕೆ ಬಂದಿದ್ದ ಜಿಗಿಯಪ್ಪನನ್ನು ಮಂಟಪ ದಾಟಿಸಿ, ಕಲ್ಲುಬಾಗಿಲು ದಾಟಿಸಿ, ಹೊಂಡದ ತನಕ ಅಟ್ಟಿಸಿಕೊಂಡು ಹೋಗಿ ಕೆಡವಿತು. ಹೋದಷ್ಟೇ ಗತ್ತಿನಲ್ಲಿ ತಿರುಗಿ ಬಂದು ಬೋನಿನಲ್ಲಿ ಕೂತಿತು.

ಈ ಸಲ ಹೊತ್ತು ಬರುವಾಗ ನಿಂಬೆವ್ವನ ಮೊಣಕಾಲು ಚುಳ್ ಚುಳ್ ಅಂದವು. ಮೇಲಿಂದ ಇಂಚರಳ ದನಿ ಕೇಳಿಸಿತು. "ಇದೇ ಕೊನೇ ಸಲ," ಅಂದಳು. ದನಿಯಲ್ಲಿ ಅಳುವಿತ್ತು.

"ನಿನ್ನ ಹಡೆಯೋ ಬದ್ಲಿ ಒಂದು ಕಲ್ಲು ಹಡೆದಿದ್ರ ಚಪ್ಪಡಿಗಾದ್ರೂ ಆಗ್ತಿತ್ತು!" ಅಂದುಬಿಟ್ಟಳು ನಿಂಬೆವ್ವ. ಕೊಟ್ರ ತಲೆ ತಗ್ಗಿಸಿ ನಿಂತಿದ್ದ. ಅವಳು ದನಿ ತಗ್ಗಿಸಿದಳು.

"ಇಲ್ಲಿ ಕೇಳು. ಯಾವ ಕಲ್ಲೂ ಮುಟ್ಟಬ್ಯಾಡ, ಯಾವ ಬಾಗಿಲೂ ತೆಗಿಬ್ಯಾಡ. ನನ್ನ ಮೊಣಕಾಲು ಹೋಗ್ಯಾವು, ಇನ್ನ ಹೊರಾಕ ಆಗಂಗಿಲ್ಲ. ನೀ ಅವನ ಹಿಂದ ಹಿಂದ ಹೋಗು. ನೆಲದ ಮ್ಯಾಲೆ ಮಲಗಿದ್ದು ಕಂಡ್ರ ಎತ್ಕೊಂಡು ಹೋಗಿ ಊರಬಾಗಿಲಿಗೆ ಬಿಡು. ಪಾಪ, ಮೆತ್ತಗ ಬಿಡು. ಅಷ್ಟ."

"ಹೂಂ ಯವ್ವಾ, ಹಂಗೇ ಮಾಡ್ತೀನಿ."

ಈ ಸಲ ಎಲ್ಲ ಸರಿಯಾಯಿತು. ನಿಂಬೆವ್ವ ಕುಂಟುತ್ತ ಓಡಿ ಚಪ್ಪಡಿ ಹಿಡಿದಳು, ಓಡಿ ಬಾಗಿಲು ಎತ್ತಿದಳು, ಓಡಿ ಹೋಗಿ, ಅಗುಳಿ ಮುರಿದಿದ್ದ ಬೋನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಜಿಗಿಯಪ್ಪ ಗೋಪುರ ಹತ್ತಿದ. ತುದಿಗೆ ಬಂದ. ಗಂಟೆ ಅವನ ತಲೆಯ ಮೇಲೇ ಇತ್ತು. ಇನ್ನೊಂದು ಜಿಗಿತ, ಒಂದೇ ಒಂದು!

"ಅಮ್ಮಾ! ಬಾ ಅಮ್ಮಾ, ನೋಡು! ನೀನು ಬಂದ ಮೇಲೇ ಬಾರಿಸ್ತೀನಿ!"

ಇಂಚರ ಮೊಬೈಲನ್ನು ಹಾಸಿಗೆಯ ಮೇಲಿಟ್ಟು ಅಡುಗೆಮನೆಗೆ ಓಡಿದಳು.

ಜಿಗಿಯಪ್ಪಂದಿರಿಗೆ ಒಂದು ಚಾಳಿಯಿದೆ. ಬೆರಳು ತಾಗದಿದ್ದರೆ ಬೇಜಾರು. ಮೊದಲು ಆಕಳಿಸುತ್ತಾರೆ, ಆಮೇಲೆ ಕೂರುತ್ತಾರೆ, ಆಮೇಲೆ ತಲೆಗೆ ಕೈ ಕೊಟ್ಟು ಮಲಗಿ ಗೊರಕೆ ಹೊಡೆಯುತ್ತಾರೆ. ಇವನೂ ಆಕಳಿಸಿದ, ಕೂತ, ಮಲಗಿದ.

ಕೊಟ್ರ ಬಗ್ಗಿ ನೋಡಿದ. ನೆಲದ ಮೇಲೆ ಮಲಗಿದ್ದಾನೆ! ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿಕೊಂಡು ಕೆಳಗಿಳಿಯತೊಡಗಿದ.

"ಬ್ಯಾಡೋ! ಬಿಡೋ ಅವನ್ನ, ಬಿಡೋ!" ನಿಂಬೆವ್ವ ಬೋನಿನ ಹತ್ತಿರದಿಂದ ಅರಚಿದಳು. ಅವಳು ಕದಲಿದರೆ ಸಿಂಹ ಹೊರಗೆ ಬರುತ್ತದೆ.

"ಇನ್ನೂ ಊರಬಾಗಿಲು ಬಂದಿಲ್ಲ ಯವ್ವಾ! ಅಲ್ಲೇ ಬಿಡ್ತೀನಿ!"

ಮಂಟಪ ದಾಟಿದ, ಕಲ್ಲುಬಾಗಿಲು ದಾಟಿದ, ಹೊಂಡ ಬಳಸಿ ಹೋದ. ಊರಬಾಗಿಲಲ್ಲಿ ಇಳಿಸಿ, ಬಟ್ಟೆಯ ದೂಳು ಕೊಡವಿ, ತನ್ನ ಟವೆಲ್ಲು ಹೊದಿಸಿದ.

ಇಂಚರ ಅಮ್ಮನನ್ನು ಎಳೆದುಕೊಂಡು ಬಂದಳು. ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಗ್ಗಿ ನೋಡಿದಳು.

"ಎಲ್ಲೇ ಗಂಟೆ? ಇದು ಶುರು ಮಾಡೋ ಜಾಗ ಅಲ್ವಾ?"

"ಇಲ್ಲಮ್ಮ, ಮೇಲಿದ್ದೆ. ನಿಜವಾಗ್ಲೂ ಮೇಲಿದ್ದೆ ಅಮ್ಮ..."

"ಆಯ್ತು ಬಿಡು ಪುಟ್ಟ, ಒಲೆ ಮೇಲೆ ಹಾಲಿಟ್ಟಿದ್ದೀನಿ."

ಅಮ್ಮ ಹೋದಳು. ಹುಡುಗಿ ಆಟವನ್ನು ಮುಚ್ಚಿ, ಅದರ ಮೇಲೆ ಬೆರಳು ಒತ್ತಿ ಹಿಡಿದಳು. ಅಳಿಸುವ ಮುಂಚೆ ಹಾಗೇ ಹಿಡಿಯಬೇಕು, ಇನ್ನೊಂದು ಸಲ ಒತ್ತಿದರೆ ಅಳಿದೇ ಹೋಗುತ್ತದೆ. ಹಾಳೂರಿಗೆ ಮಬ್ಬು ಕವಿಯಿತು, ಕಂಬ ಮಂಟಪ ಎಲ್ಲ ಗಡಗಡ ನಡುಗತೊಡಗಿದವು.

ಕೊಟ್ರ ಓಡುತ್ತ ಬಂದ. ಮುಖದಲ್ಲಿ ಬೆವರು, ಬಾಯಿ ತುಂಬ ನಗು.

"ಯವ್ವಾ, ಸ್ವಲ್ಪನೂ ನೋವಾಗದಂಗ ಬಿಟ್ಟು ಬಂದೆ! ಈ ಸಲನರ ಸರಿ ಮಾಡಿದ್ನಿಲ್ಲೋ?"

ಹೊಡೆಯಲು ಎತ್ತಿದ ನಿಂಬೆವ್ವನ ಕೈ ಅಲ್ಲೇ ನಿಂತಿತು. ಹಿಡಿ ಅಂದಿದ್ದಳು, ತೆಗಿ ಅಂದಿದ್ದಳು, ಹೊರು ಅಂದಿದ್ದಳು. ಯಾಕೆ ಅಂತ ಒಂದು ಸಲವಾದರೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿರಲಿಲ್ಲ. ಪೆದ್ದನಿಗೆ ಏನು ತಿಳಿದೀತು ಅಂದುಕೊಂಡಿದ್ದಳು.

"ಅಂವ ಆ ಗಂಟಿ ಬಾರಿಸಿದ್ರ ನಾವು ಉಳೀತಿದ್ವಿ ಕಣೋ ಕೊಟ್ರಾ. ಇಷ್ಟೆಲ್ಲ ಅದಕ್ಕ. ಮೊದ್ಲೇ ನಿನಗ ಹೇಳಬೇಕಿತ್ತು. ತಪ್ಪು ನಂದಪ್ಪಾ."

ಕೊಟ್ರನ ನಗು ನಿಂತಿತು.

"ಗಂಟಿ ಬಾರಿಸಬೇಕಿತ್ತಾ ಯವ್ವಾ? ನಾ ಎತ್ತುವಾಗ ನಿದ್ದೆಗಣ್ಣಾಗ ಅವನ ಕೈ ಹೋಗಿ ಇನ್ನೇನು ಗಂಟಿಗೆ ಬಡಿತಿತ್ತು. ಸದ್ದಾದ್ರ ಪಾಪ ಎಚ್ಚರ ಆಗ್ತಾನಂತ ನಾನ ನಡುವ ನನ್ನ ಕೈ ಇಟ್ಟು ತಪ್ಪಿಸಿದೆ!"

ತೋರಿಸಲು ಅಂಗೈ ಚಾಚಿದ. ಪೆಟ್ಟು ಬಿದ್ದು ಕೆಂಪಗಾಗಿತ್ತು. ನಿಂಬೆವ್ವ ಆ ಕೈಯನ್ನು ತನ್ನೆರಡೂ ಕೈಯೊಳಗೆ ಹಿಡಿದುಕೊಂಡು, ನೋಯುತ್ತದೇನೋ ಅಂತ ಕೇಳಿದಳು. ಅವನು ಇಲ್ಲ ಅನ್ನುವಷ್ಟರಲ್ಲಿ ಮೇಲಿನ ಬೆರಳು ಇನ್ನೊಂದು ಸಲ ಒತ್ತಿತು.