ಬಾಣಂತಿ ದಿಣ್ಣೆಯ ಕೆಂಪು ಮರಗಳು

ಕಾವಳಬೆಟ್ಟದ ನೆತ್ತಿಯಲ್ಲಿ, ಹಳೆಯ ಬಂಗಲೆಯ ಹಿಂದೆ, ಮೂಡಣಕ್ಕೆ ಒಂದು ದಿಣ್ಣೆ ಇದೆ. ಅದರ ಮೇಲೆ ಜಪಾನು ದೇಶದ ದೇವದಾರು ಮರಗಳು ಒತ್ತೊತ್ತಾಗಿ ನಿಂತಿವೆ. ಎಲೆಯೆನ್ನಲು ಎಲೆಯಲ್ಲ, ಸೂಜಿಯೆನ್ನಲು ಸೂಜಿಯಲ್ಲ. ಕೈಯಿಟ್ಟರೆ ಕುರಿಮರಿಯ ಮೈ ಸವರಿದ ಹಾಗಿರುತ್ತದೆ. ವರ್ಷವೆಲ್ಲ ಹಸುರಾಗಿರುವ ಇವು ಮಾಗಿ ಬಂತೆಂದರೆ ತಾಮ್ರದ ಬಣ್ಣಕ್ಕೆ ತಿರುಗುತ್ತವೆ. ಆಗ ಮಂಜಿನ ನಡುವೆ ಅವು ಮರಗಳೋ ಮರಗಳ ನೆನಪೋ ತಿಳಿಯುವುದಿಲ್ಲ. ಪೇಟೆಯಿಂದ ಬಂದವರು "ಅಯ್ಯೋ, ಎಲ್ಲ ಒಣಗಿಹೋಗಿವೆ" ಎಂದು ಲೊಚಗುಟ್ಟುತ್ತಾರೆ. ದಿಣ್ಣೆಯ ಬುಡದಲ್ಲಿ ಹಲಗೆ ನೆಟ್ಟು ದೊಡ್ಡ ಹೆಸರೊಂದನ್ನು ಬರೆಸಿದ್ದಾರೆ, ಓದುವ ಪುಣ್ಯಾತ್ಮರು ಯಾರು? ಸುತ್ತಲಿನ ಊರುಗಳವರ ಬಾಯಲ್ಲಿ ಅದು ಬಾಣಂತಿ ದಿಣ್ಣೆ.

ಹಿಂದೆ ಒಮ್ಮೆ ಈ ಬೆಟ್ಟ ಒಬ್ಬ ದೊರೆಯ ಬಿಡಾರವಾಗಿತ್ತು. ಹಡಗೇರಿ ಬಂದ ಒಂದೇ ಒಂದು ಗಿಡವನ್ನು ತೋಟದ ಮಾಲಿ ಮುನಿಶಾಮಪ್ಪ ಮಳೆಗಾಲದಲ್ಲಿ ಇಲ್ಲಿ ನೆಟ್ಟ ಎನ್ನುತ್ತಾರೆ. ಆಳೆತ್ತರದ ಗಿಡ, ಕೆಳಗಿನ ಕೊಂಬೆಗಳು ನೆಲ ಮುಟ್ಟುತ್ತಿದ್ದವು. ಅದಕ್ಕೆ ನೀರು ಹಾಕುವುದು ಅವನ ಹೆಂಡತಿ ಪಿಳ್ಳಮ್ಮನ ಪಾಲಿಗೆ ಬಂತು. ಆಗ ಅವಳು ಬಸುರಿ. ದೀಪಾವಳಿಯ ಹೊತ್ತಿಗೆ ಹೆತ್ತಳು. ಕೂಸು ಕಣ್ಣು ಬಿಟ್ಟು ಒಮ್ಮೆ ನೋಡಿ ಹೊರಟುಹೋಯಿತು. ಕೂಸೇ ಇಲ್ಲದ ಮೇಲೆ ಬಾಣಂತನವೆಲ್ಲಿಯದು? ಎಣ್ಣೆ ಹಚ್ಚುವವರಿಲ್ಲ, ಬಿಸಿನೀರು ಎರೆಯುವವರಿಲ್ಲ, ಸಾಂಬ್ರಾಣಿಯ ಹೊಗೆಯಿಲ್ಲ. "ಹೋದದ್ದು ಹೋಯ್ತು, ಬಿಡೇ" ಎಂದ ಗಂಡ. ಕೆಟ್ಟವನೇನಲ್ಲ, ಬೇರೆ ಏನು ಹೇಳಬೇಕೋ ಅವನಿಗೆ ತೋಚಲಿಲ್ಲ. ಹಸಿಮೈಯಲ್ಲೇ ಪಿಳ್ಳಮ್ಮ ಮತ್ತೆ ಕೊಡ ಹೊತ್ತಳು. ಎದೆಹಾಲು ಕಟ್ಟಿ ನೋಯುತ್ತಿತ್ತು. ಮಂಜಿನೊಳಗೆ ಹೋಗುವಾಗ ತಾನು ನಡೆಯುತ್ತಿದ್ದೇನೆಯೋ ನಿದ್ದೆಯಲ್ಲಿ ತೇಲುತ್ತಿದ್ದೇನೆಯೋ ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಮಾಗಿಯ ಚಳಿ ಕವಿದ ಒಂದು ಬೆಳಗ್ಗೆ ನೋಡುತ್ತಾಳೆ, ಗಿಡವೆಲ್ಲ ಕೆಂಪು! ಚಳಿಗೆ ಬಣ್ಣ ಬದಲಿಸುವುದು ಅದರ ಹುಟ್ಟುಗುಣ. ಆದರೆ ಅದನ್ನು ಇಲ್ಲಿ ಕಂಡಿದ್ದವರು ಯಾರಿದ್ದರು? ತೋಟದ ಪಾರುಪತ್ಯಗಾರರು ಶಾಮರಾಯರು, ಮಹಾ ಮಡಿವಂತರು. "ಸಂಕ್ರಾಂತಿಗೆ ದೊರೆಗಳು ಬರುತ್ತಾರೆ, ಸತ್ತ ಗಿಡ ಅವರ ಕಣ್ಣಿಗೆ ಬೀಳಬಾರದು, ನಾಳೆಯೇ ಕಿತ್ತು ಒಲೆಗೆ ಹಾಕಿ" ಎಂದು ಅಪ್ಪಣೆ ಮಾಡಿಬಿಟ್ಟರು. ಮುನಿಶಾಮಪ್ಪ ಹೆಂಡತಿಯ ಮುಖ ನೋಡಿ, "ಹೋದದ್ದು ಹೋಯ್ತು, ಬಿಡೇ" ಎಂದ. ಅದೇ ಮಾತು! ಪಿಳ್ಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇನ್ನೊಂದನ್ನೂ ಕಳೆದುಕೊಂಡು ಬದುಕುವ ಶಕ್ತಿ ಅವಳಲ್ಲಿರಲಿಲ್ಲ. ಕುಳಿತು ಗಿಡದ ಮೈ ಸವರಿದಳು. ಒಣಗಿರಲಿಲ್ಲ, ಮೆತ್ತಗಿತ್ತು, ಸೋತು ಜೋತುಬಿದ್ದಿತ್ತು. ಇದು ಸತ್ತಿಲ್ಲ, ಹೆತ್ತು ದಣಿದಿದೆ ಎಂದು ಅವಳ ಮನಸ್ಸಿಗೆ ಬಂತು. ಹುಚ್ಚು ಯೋಚನೆಯೇ ಸರಿ, ಆದರೆ ಬಂದದ್ದು ಬಂತು. ಸಂಜೆಯೊಳಗೆ ಸುತ್ತ ಬಿದಿರಿನ ಗಳ ನೆಟ್ಟು, ಕಂಬಳಿಗಳ ಮರೆಕಟ್ಟಿ, ಬಾಣಂತಿ ಮನೆಯ ಬಾಗಿಲಿಗೆ ಸಿಕ್ಕಿಸುವ ಹಾಗೆ ಮುಂದೆ ಬೇವಿನ ಸೊಪ್ಪು ಸಿಕ್ಕಿಸಿದಳು. ಕಾಂಡಕ್ಕೆ ಎಣ್ಣೆ ಹಚ್ಚಿ, ಬುಡಕ್ಕೆ ಉಗುರುಬೆಚ್ಚಗಿನ ನೀರು ಹಾಕಿ, ಸಾಂಬ್ರಾಣಿಯ ಹೊಗೆ ಕೊಟ್ಟಳು.

ಮರುದಿನ ಗುದ್ದಲಿ ಹಿಡಿದು ಬಂದ ಆಳುಗಳು ಬೇವಿನ ಸೊಪ್ಪು ಕಂಡು ಗಕ್ಕನೆ ನಿಂತರು. ಹಿಂದೆಯೇ ಬಂದ ರಾಯರು "ಏನ್ರೋ, ನಿಂತಲ್ಲೇ ಬೇರು ಬಿಟ್ಟಿರೇನು?" ಎಂದು ಗದರಿದರು. "ಒಳಗೆ ಬಾಣಂತಿ ಇದ್ದಾಳೆ ಬುದ್ಧಿ" ಎಂದಳು ಪಿಳ್ಳಮ್ಮ, ಕಂಬಳಿಗೆ ಅಡ್ಡ ನಿಂತು. ಆಳುಗಳೆಲ್ಲ ಮಕ್ಕಳೊಂದಿಗರು. "ಬಾಣಂತಿ ಮನೆ ಸ್ವಾಮಿ, ಗಂಡಸರು ನುಗ್ಗೋಕಾಗುತ್ತಾ?" ಎಂದು ಹಿಂದೆ ಸರಿದರು. "ಮರಕ್ಕೇನೇ ಬಾಣಂತನ, ಹುಚ್ಚಿ!" ಎಂದು ರಾಯರೇ ಕೈಚಾಚಿದರು, ಚಾಚಿದ ಕೈ ಅಲ್ಲೇ ನಿಂತಿತು. ಒಳಗಿನಿಂದ ಸಾಂಬ್ರಾಣಿ, ಎಣ್ಣೆಯ ವಾಸನೆ. ಮೈಲಿಗೆ ತಟ್ಟಿದರೆ ಹಬ್ಬದ ಪೂಜೆಯ ಗತಿಯೇನು? ಹೇಗೂ ಮರೆಯಿದೆ, ದೊರೆಗಳಿಗೆ ಕಾಣದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಸ್ನಾನಕ್ಕೆ ಹೊರಟುಹೋದರಂತೆ. ದೊರೆ ಬಂದ, ಹೋದ. ಪಿಳ್ಳಮ್ಮ ಕಂಬಳಿಯೊಳಗೆ ಕುಳಿತು ಗಿಡದೊಂದಿಗೆ ಮೆಲ್ಲಗೆ ಮಾತಾಡುತ್ತಿದ್ದಳು. ಆ ಮಾತುಗಳು ಯಾರಿಗೂ ಗೊತ್ತಿಲ್ಲ.

ಉಗಾದಿಯ ಹಿಂದಿನ ದಿನ ಕಂಬಳಿ ಬಿಚ್ಚಿದಾಗ ಗಿಡ ಹಚ್ಚಹಸುರಾಗಿತ್ತು. ಅಷ್ಟೇ ಅಲ್ಲ, ನೆಲ ಮುಟ್ಟಿದ್ದ ಕೊಂಬೆಯೊಂದು ಮಣ್ಣಿನಲ್ಲಿ ಬೇರಿಳಿಸಿ, ಅದರ ತುದಿಯಿಂದ ಗೇಣುದ್ದದ ಮರಿಗಿಡ ನೆಟ್ಟಗೆ ಎದ್ದು ನಿಂತಿತ್ತು. ಪಿಳ್ಳಮ್ಮ ಅದನ್ನು ಮುಟ್ಟಿ, ದೀಪಾವಳಿಯಿಂದ ತಡೆದುಕೊಂಡಿದ್ದ ಅಳುವನ್ನೆಲ್ಲ ಬಾಯಿಬಿಟ್ಟು ಅತ್ತಳು. ಮುನಿಶಾಮಪ್ಪ ಈ ಸಲ ಬಿಡು ಎನ್ನಲಿಲ್ಲ. ಮರಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅಲ್ಲೇ ಕಲ್ಲು ಜೋಡಿಸಿ, ಹಂಡೆಯಿಟ್ಟು, ಬೆಂಕಿ ಹಾಕಿದ. ಹೆಂಡತಿಗೆ ಎಣ್ಣೆ ಹಚ್ಚಿ ನೀರೆರೆಯಲು ತನ್ನ ಅಕ್ಕನನ್ನು ಕೂಗಿ ಕರೆದ.

ಒಂದಿದ್ದದ್ದು ಇಂದು ತೋಪಾಗಿದೆ. ಮಾಗಿಯಲ್ಲಿ ಹೋದವರಿಗೆ ಆ ಕೆಂಪು ಮರಗಳ ನಡುವೆ ಕಂಬಳಿಯ ಮರೆಯೂ ಅದರ ಮೇಲಿಂದ ಏಳುವ ಹಬೆಯೂ ಕಾಣುತ್ತವೆ. ಸುತ್ತಲಿನ ಊರುಗಳಲ್ಲಿ ಕೂಸು ಉಳಿಯದ ಹೆಣ್ಣುಮಕ್ಕಳನ್ನು ಹಿರಿಯ ಹೆಂಗಸರು ಇಲ್ಲಿಗೆ ಕರೆತಂದು, ಎಣ್ಣೆ ಹಚ್ಚಿ, ಬಿಸಿನೀರು ಎರೆಯುತ್ತಾರೆ. ನಡುಗುತ್ತ ನಿಂತವಳ ಭುಜ ಹಿಡಿದು, "ನೀನೂ ಹೆತ್ತವಳೇ ಅಲ್ಲವೇನವ್ವಾ, ಕೂತ್ಕೋ" ಎನ್ನುತ್ತಾರೆ.