ಅಂಗೈಯಗಲದ ಸುದ್ದಿ

"ಗುರುಗಳೇ, ಪತ್ರಿಕೆಯಲ್ಲಿ ಒಂದು ಸುಳ್ಳು ಅಚ್ಚಾದರೆ ಅಂಥ ಕೇಡೇನು? ಬರೆದವನಿಗಾದರೂ ನಿಜ ಗೊತ್ತಿರುತ್ತದಲ್ಲ," ಎಂದು ಶಿಷ್ಯ ಮರುಳಯ್ಯ ಕೇಳಿದ. ಮಠಕ್ಕೆ ಪತ್ರಿಕೆ ಬರತೊಡಗಿದ್ದು ಇತ್ತೀಚೆಗೆ. ಶಿಷ್ಯರೆಲ್ಲ ಪೂಜೆಯ ಹೊತ್ತನ್ನೂ ಮರೆತು ಅದಕ್ಕೆ ಮುಗಿಬೀಳುತ್ತಿದ್ದರು. ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪತ್ರಿಕೆಯವನಿದ್ದ. ಸುದ್ದಿ ಬರೆಯುವವನೂ ಅವನೇ, ಅಚ್ಚಿನ ಮೊಳೆ ಜೋಡಿಸುವವನೂ ಅವನೇ. ಆ ಸೀಮೆಗೆ ಅದೇ ಮೊದಲ ಪತ್ರಿಕೆ. ಒಂದು ವಾರ ಕೊನೆಯ ಪುಟದಲ್ಲಿ ಅಂಗೈಯಗಲ ಜಾಗ ಉಳಿಯಿತು. ಸುದ್ದಿಗೆ ಬರ, ಖಾಲಿ ಬಿಡಲು ಮನಸ್ಸಿಲ್ಲ. ನಿಂತಲ್ಲೇ ಒಂದನ್ನು ಕಟ್ಟಿದ. ಮುಸ್ಸಂಜೆಯಲ್ಲಿ ಒಬ್ಬ ಮುದುಕಿ ಬಾಗಿಲು ತಟ್ಟಿ ನೀರು ಕೇಳುತ್ತಾಳೆ. ಮನೆಯವರ ತಾಯಿಯ ದನಿಯಲ್ಲೇ ಕೂಗುತ್ತಾಳೆ. ಬಾಗಿಲು ತೆರೆದ ಮನೆಯಲ್ಲಿ ಹೆಣ ಬೀಳುತ್ತದೆ. ಓದಿದವರು ನಡುಗಿದರು. ಅವನು ಒಳಗೊಳಗೇ ನಕ್ಕ.

ಆಮೇಲೆ ಕಾಗದಗಳು ಬರತೊಡಗಿದವು. ನಮ್ಮೂರಿಗೂ ಬಂದಿದ್ದಳು ಎಂದು ಜನ ಹೆಸರು ಹಾಕಿ ಬರೆದಿದ್ದರು. ಅವನ್ನೂ ಅಚ್ಚು ಹಾಕಿದ. ಒಂದು ದಿನ ದೂರದ ಪಟ್ಟಣದ ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲೂ ಅದೇ ಮುದುಕಿ. ಜೊತೆಗೆ ಸತ್ತವರ ಹೆಸರುಗಳು. ಅವನು ಅದನ್ನು ಮತ್ತೆ ಮತ್ತೆ ಓದಿದ. ಅಂದಿನಿಂದ ದೀಪ ಹಚ್ಚುವ ಮೊದಲೇ ಬಾಗಿಲಿಗೆ ಅಗುಳಿ ಹಾಕತೊಡಗಿದ.

ಬೇಸಗೆಯ ಒಂದು ಸಂಜೆ ಯಾರೋ ಬಾಗಿಲು ತಟ್ಟಿದರು.

"ಮಗಾ, ನಾನು ಕಣೋ. ದಾರೀಲಿ ಯಾರೂ ಬಾಗಿಲು ತೆಗೀಲಿಲ್ಲ. ಒಂದು ಗುಟುಕು ನೀರು ಕೊಡಪ್ಪ."

ಹಳ್ಳಿಯಲ್ಲಿದ್ದ ಅವನ ತಾಯಿಯದೇ ದನಿ. ಅದಕ್ಕೇ ಅವನು ಹೆದರಿದ. ಅಗುಳಿಯ ಮೇಲೆ ಕೈಯಿಟ್ಟ, ತೆಗೆಯಲಾಗಲಿಲ್ಲ. ಹೊರಗಿನ ದನಿ ಅವನ ತೊಟ್ಟಿಲ ಕಾಲದ ಮುದ್ದಿನ ಹೆಸರು ಹಿಡಿದು ಕರೆಯಿತು. ಅವನು ಕಿವಿ ಮುಚ್ಚಿಕೊಂಡ. ಕೂಗು ಸಣ್ಣದಾಗುತ್ತ ಹೋಗಿ ನಿಂತಿತು.

ಬೆಳಕು ಹರಿದ ಮೇಲೆ ಬಾಗಿಲು ತೆರೆದ. ತಾಯಿ ಹೊಸ್ತಿಲಿಗೆ ತಲೆಯಿಟ್ಟು ಮಲಗಿದ್ದಳು. ಮೈ ತಣ್ಣಗಾಗಿತ್ತು. ಪಾಪ, ಆಕೆಗೆ ಓದು ಬಾರದು; ಮಗ ಏನು ಬರೆಯುತ್ತಾನೆಂಬುದೂ ತಿಳಿಯದು. ಹೆಣಕ್ಕೆ ಹೆಗಲು ಕೊಡಲು ನೆರೆಯವರು ಯಾರೂ ಬರಲಿಲ್ಲ. ಅವನು ಬಾಗಿಲು ತೆರೆದಿರಬೇಕು, ಪತ್ರಿಕೆಯಲ್ಲಿ ಬಂದಂತೆಯೇ ಆಯಿತು ಎಂದು ಕಿಟಕಿಗಳ ಹಿಂದೆ ಪಿಸುಗುಟ್ಟಿದರು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ. "ಅದು ಸುಳ್ಳೆಂದು ಅವನಿಗೆ ಗೊತ್ತಿತ್ತಲ್ಲ, ಗುರುಗಳೇ. ಬರೆದವನು ಅವನೇ ಅಲ್ಲವೇ?"

"ಬರೆದವನು ಅವನೇ," ಎಂದರು ಗುರುಗಳು. "ಆದರೆ ಅಷ್ಟು ಹೊತ್ತಿಗೆ ಅವನೂ ಅದನ್ನು ಓದಿದ್ದ."